‘ಡಾನ್ ಎಫ್‌ಎಂ’: 80ರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸದ್ದು ಬರೀ ಅಲಂಕಾರವೇ, ಅದಕ್ಕೆ ಇಲ್ಲಿ ಕೆಲಸವೂ ಇದೆಯೇ?

ರಾತ್ರಿಪಾಳಿ (ಚರ್ಚೆ ಶುರು ಮಾಡಿದವರು)

ಕೆನಡಾದ ಗಾಯಕ ದಿ ವೀಕೆಂಡ್‌ನ ಆಲ್ಬಂ ‘ಡಾನ್ ಎಫ್‌ಎಂ’ 2022ರ ಜನವರಿ 7ರಂದು ಬಂತು. ಅವತ್ತಿನಿಂದ ಇವತ್ತಿನವರೆಗೂ ಈ ಆಲ್ಬಂ ಮಾತು ಬಂದಲ್ಲೆಲ್ಲ ಒಂದು ಷರಾ ಕಾಯಂ: ಕೇಳೋಕೆ ಸೊಗಸಾಗಿದೆ, ಆದರೆ ಹಳೇ ನ್ಯೂ ವೇವ್‌ಗೆ (1980ರ ಆಸುಪಾಸಿನ ಪಾಪ್ ಶೈಲಿ) ಹೊಸ ಬಣ್ಣ ಬಳಿದದ್ದು ಅಷ್ಟೇ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ವಿಸ್ತಾರವಾಗಿಯೇ ಬರೀತೀನಿ, ಪೂರ್ತಿ ಓದಿ ಜಗಳ ಆಡಿ.

ಮೊದಲು ಆಲ್ಬಂನ ಕಟ್ಟು ನೋಡಿ. ಕೇಳುಗ ಸತ್ತಿದ್ದಾನೆ. ಸ್ವರ್ಗ ನರಕಗಳ ನಡುವಿನ ಒಂದು ಸುರಂಗದಲ್ಲಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾನೆ. ಸುರಂಗದ ಆ ತುದಿಯಲ್ಲಿ ಬೆಳಕು. ಕಾರಿನ ರೇಡಿಯೋದಲ್ಲಿ 103.5 ಡಾನ್ ಎಫ್‌ಎಂ ಅನ್ನೋ ನಿಲಯ ಹಾಡ್ತಾ ಇದೆ, ಅದರ ನಿರೂಪಕ ಅವನನ್ನು ಸಮಾಧಾನ ಮಾಡ್ತಾ ಬೆಳಕಿನ ಕಡೆಗೆ ಕರೆದೊಯ್ತಾನೆ. ಆ ನಿರೂಪಕನ ದನಿ ನಟ ಜಿಮ್ ಕ್ಯಾರಿದು. ಒಟ್ಟು 16 ಟ್ರ್ಯಾಕ್, ಐವತ್ತು ನಿಮಿಷದ ಮೇಲೆ ಸ್ವಲ್ಪ, ಹಾಡಿಂದ ಹಾಡಿಗೆ ನಡುವೆ ತೆರಪೇ ಇಲ್ಲದ ಹಾಗೆ ಜೋಡಣೆ. ನಡುವೆ ನಿಲಯದ ಜಿಂಗಲ್, ಒಂದು ಕಡೆ ಜಾಹೀರಾತು ಕೂಡ. ಮುಖಪುಟದಲ್ಲಿ ಗಡ್ಡ ನರೆತ, ಮುಖ ಸುಕ್ಕುಗಟ್ಟಿದ ಮುದುಕನಾಗಿ ವೀಕೆಂಡ್ ತಾನೇ.

ಹೀಗಿರುವಾಗ ಹಾಡುಗಳು ಹಳೇ ಕಾಲದ್ದರ ಹಾಗೆ ಕೇಳಿಸಲೇಬೇಕು. ಸತ್ತವನಿಗೆ ಹಾಕೋ ರೇಡಿಯೋ ಹೊಸ ಹಾಡು ಹಾಕೋದಿಲ್ಲ, ಅವನು ಬಿಟ್ಟು ಬರಲಾಗದೆ ಹಿಡಿದುಕೊಂಡಿರೋದನ್ನೇ ಹಾಕುತ್ತೆ. ಹಾಗಾಗಿ ಇಲ್ಲಿ ಹಳೆಯ ಸದ್ದಿಗೆ ಕಥೆಯೊಳಗೇ ಒಂದು ಕಾರಣ ಇದೆ.

ಇನ್ನು ‘ಗ್ಯಾಸೊಲೀನ್’ ಹಾಡನ್ನು ಹತ್ತಿರದಿಂದ ಕೇಳಿ. ಚರಣಗಳಲ್ಲಿ ಏಬಲ್ ಟೆಸ್ಫಾಯೆ (ವೀಕೆಂಡ್‌ನ ನಿಜ ಹೆಸರು) ತನ್ನ ಎಂದಿನ ಎತ್ತರದ ದನಿ ಬಿಟ್ಟುಬಿಡ್ತಾನೆ. ತಗ್ಗಿದ, ಚಪ್ಪಟೆಯಾದ, ಇಂಗ್ಲೆಂಡಿನ ಉಚ್ಚಾರಣೆಯ ದನಿ. ಟೊರಾಂಟೊ ಹುಡುಗನಿಗೆ ಆ ಉಚ್ಚಾರಣೆ ಎಲ್ಲಿಂದ ಬಂತು? 1980ರ ಆಸುಪಾಸಿನ ಇಂಗ್ಲಿಷ್ ಸಿಂಥ್ ಗಾಯಕರಿಂದ. ಗ್ಯಾರಿ ನ್ಯೂಮನ್, ಹ್ಯೂಮನ್ ಲೀಗ್‌ನ ಫಿಲ್ ಓಕಿ, ಇವರೆಲ್ಲ ಮುಖದಲ್ಲಿ ಒಂದು ಗೆರೆಯೂ ಅಲುಗದವರ ಹಾಗೆ ಹಾಡ್ತಿದ್ದರು. ಆ ನಿರ್ಭಾವದ ದನಿಯಲ್ಲಿ ಇವನು ಹೇಳೋದೇನು? ಬೆಳಗಿನ ಜಾವ ಐದು ಗಂಟೆ, ಯಾವುದಕ್ಕೂ ಅರ್ಥ ಕಾಣ್ತಿಲ್ಲ ಅಂತ. ಆಮೇಲೆ ಪಲ್ಲವಿ ಬಂದಾಗ ಅವನ ನಿಜದ ದನಿ ಮೇಲಿಂದ ಇಳಿಯುತ್ತೆ, ನಾನು ಹೋದರೆ ಬೆಡ್‌ಶೀಟ್‌ನಲ್ಲಿ ಸುತ್ತಿ ಪೆಟ್ರೋಲ್ ಸುರಿದುಬಿಡು ಅನ್ನುತ್ತೆ. ಆ ಒಂದು ತಿರುವಿನಲ್ಲಿ ಮುಖವಾಡ ಕಳಚಿ ಬೀಳುತ್ತೆ.

ನ್ಯೂ ವೇವ್‌ನ ಜೀವ ಇರೋದು ಅಲ್ಲೇ ಅಂತ ನನ್ನ ನಂಬಿಕೆ. ಯಂತ್ರ ನಡುಗೋದಿಲ್ಲ, ಮನುಷ್ಯ ನಡುಗ್ತಾನೆ. ನಡುಗದ ಬೀಟ್ ಮೇಲೆ ನಡುಗೋ ಮನುಷ್ಯನನ್ನ ನಿಲ್ಲಿಸಿದರೆ ಅವನ ನಡುಕ ಎದ್ದು ಕಾಣುತ್ತೆ. ‘ಡಾನ್ ಎಫ್‌ಎಂ’ ಎರವಲು ತಂದಿದ್ದು ಈ ವಿಧಾನವನ್ನ. ಸದ್ದು ಅದರ ಜೊತೆಗೆ ಬಂತು.

ಬೇಸ್‌ಲೈನ್

ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ಮೂಲ ಪ್ರಶ್ನೆ ಹಾಗೇ ಉಳಿದಿದೆ.

ನೀವು ಹೇಳೋ ಆ ಇಂಗ್ಲಿಷ್ ಹುಡುಗರು ಹಿಂದೆ ತಿರುಗಿ ನೋಡಿದವರೇ ಅಲ್ಲ. 1978ರಲ್ಲಿ ನ್ಯೂಮನ್ ಪಂಕ್ (ಒರಟು ಗಿಟಾರ್ ರಾಕ್) ರೆಕಾರ್ಡ್ ಮಾಡೋಕೆ ಸ್ಟುಡಿಯೋಗೆ ಹೋದ. ಅಲ್ಲಿ ಯಾರೋ ಬಿಟ್ಟುಹೋಗಿದ್ದ ಮಿನಿಮೂಗ್ ಅನ್ನೋ ಸಿಂಥ್ ಕಣ್ಣಿಗೆ ಬಿತ್ತು, ಕೀ ಒತ್ತಿದ, ಆ ಸದ್ದಿಗೆ ಮರುಳಾಗಿ ದಾರಿಯನ್ನೇ ಬದಲಿಸಿಬಿಟ್ಟ. ಮರುವರ್ಷ, 1979ರಲ್ಲಿ, ತನ್ನ ಬ್ಯಾಂಡ್ ಟ್ಯೂಬ್‌ವೇ ಆರ್ಮಿ ಹೆಸರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ. 1981ರಲ್ಲಿ ಹ್ಯೂಮನ್ ಲೀಗ್‌ನ ‘ಡೇರ್’ ಬಂತು, ಪೂರ್ತಿ ಆಲ್ಬಂನಲ್ಲಿ ಗಿಟಾರ್ ಇಲ್ಲ. ತಾಳಕ್ಕೆ ಲಿನ್ ಎಲ್‌ಎಂ-1, ನಿಜವಾದ ಡ್ರಮ್ ಸದ್ದುಗಳನ್ನ ಚಿಪ್‌ನಲ್ಲಿ ಇಟ್ಟುಕೊಂಡು ಮಾರುಕಟ್ಟೆಗೆ ಬಂದ ಮೊದಲ ಡ್ರಮ್ ಮಷೀನ್. ಆಗ ಅದು ಹೊಚ್ಚ ಹೊಸದು. ಈ ಯಂತ್ರಗಳಿಂದ ವಾದ್ಯಗಾರರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ ಅಂತ 1982ರಲ್ಲಿ ಬ್ರಿಟನ್ನಿನ ಮ್ಯೂಸಿಶಿಯನ್ಸ್ ಯೂನಿಯನ್‌ನ ಲಂಡನ್ ಶಾಖೆಯೊಂದು ಸಿಂಥ್, ಡ್ರಮ್ ಮಷೀನ್‌ಗಳ ನಿಷೇಧಕ್ಕೆ ನಿರ್ಣಯ ಕೂಡ ಮಾಡಿತ್ತು. ಅಷ್ಟು ಭಯ ಹುಟ್ಟಿಸಿದ ಸದ್ದು ಅದು.

ಇವತ್ತು ಅದೇ ಸದ್ದು ಯಾರಿಗೂ ಭಯ ಹುಟ್ಟಿಸೋದಿಲ್ಲ, ಮುದ ಕೊಡುತ್ತೆ. ಏಬಲ್ ಹುಟ್ಟಿದ್ದು 1990ರಲ್ಲಿ. ತಾನು ಬದುಕದೇ ಇದ್ದ ಕಾಲದ ನೆನಪನ್ನ ಹಾಡ್ತಿದ್ದಾನೆ. ನ್ಯೂ ವೇವ್‌ಗೆ ನಿಜವಾಗಿ ನಿಷ್ಠೆ ತೋರಿಸೋದಾದರೆ ಇವತ್ತಿನ ಅತಿ ಹೊಸ, ಅತಿ ಅಪರಿಚಿತ ಸದ್ದು ಹುಡುಕಬೇಕಿತ್ತು. ನಲವತ್ತು ವರ್ಷ ಹಿಂದಿನ ಭವಿಷ್ಯವನ್ನ ಮತ್ತೆ ಮಾರೋದು ಅದಕ್ಕೆ ತದ್ವಿರುದ್ಧದ ಕೆಲಸ.

ಪ್ಯಾಚ್‌ಕೇಬಲ್

ಇಬ್ಬರೂ ಸದ್ದು ಸದ್ದು ಅಂತಿದ್ದೀರಿ, ಆ ಸದ್ದು ಹುಟ್ಟೋದು ಹೇಗೆ ಅಂತ ಸ್ವಲ್ಪ ಒಳಗೆ ಹೋಗಿ ನೋಡೋಣ. ಚರ್ಚೆಗೆ ಅದು ಬೇಕು.

ಈ ಆಲ್ಬಂನ ಹಿಂದೆ ಮೂರು ಮುಖ್ಯ ಕೈಗಳಿವೆ: ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್, ಆಸ್ಕರ್ ಹೋಲ್ಟರ್, ಮತ್ತೆ ಅಮೆರಿಕದ ಡೇನಿಯಲ್ ಲೊಪಾಟಿನ್. ಮೊದಲ ಇಬ್ಬರು ವೀಕೆಂಡ್‌ನದೇ ಹಿಂದಿನ ಹಾಡು ‘ಬ್ಲೈಂಡಿಂಗ್ ಲೈಟ್ಸ್’ ಮಾಡಿದವರು. ಮೂರನೆಯವನು ಒನೋಟ್ರಿಕ್ಸ್ ಪಾಯಿಂಟ್ ನೆವರ್ ಅನ್ನೋ ಹೆಸರಲ್ಲಿ ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತ ಮಾಡ್ತಾ ಬಂದವನು. ಅವನು ಕೆಲಸ ಕಲಿತದ್ದು ಅಪ್ಪನಿಂದ ಬಂದ ಒಂದು ರೋಲ್ಯಾಂಡ್ ಜೂನೋ-60 ಸಿಂಥ್ ಮೇಲೆ.

ಜೂನೋ-60 1982ರ ಯಂತ್ರ. ಒಮ್ಮೆಗೆ ಆರು ಸ್ವರ ಮಾತ್ರ ನುಡಿಯುತ್ತೆ. ಒಂದೊಂದು ಸ್ವರಕ್ಕೆ ಒಂದೇ ಆಸಿಲೇಟರ್ (ಸದ್ದು ಹುಟ್ಟಿಸೋ ಸರ್ಕ್ಯೂಟ್). ಅದೇ ಕಂಪನಿಯ ಜುಪಿಟರ್-8ರಲ್ಲಿ ಸ್ವರಕ್ಕೆ ಎರಡೆರಡು ಇದ್ದವು, ಹಾಗಾಗಿ ಅದು ತುಂಬಿಕೊಂಡು ಕೇಳಿಸ್ತಿತ್ತು, ಬೆಲೆಯೂ ಹಾಗೇ ಮೇಲಿತ್ತು. ಜೂನೋದ ಬಡಕಲು ಸದ್ದನ್ನ ಮುಚ್ಚೋಕೆ ರೋಲ್ಯಾಂಡ್‌ನವರು ಕೊನೆಯಲ್ಲಿ ಒಂದು ಕೋರಸ್ ಸರ್ಕ್ಯೂಟ್ ಇಟ್ಟರು. ಬಂದ ಸದ್ದನ್ನ ಕೆಲವೇ ಮಿಲಿಸೆಕೆಂಡ್ ತಡ ಮಾಡಿ, ಆ ತಡವನ್ನೂ ನಿಧಾನಕ್ಕೆ ಹೆಚ್ಚು ಕಡಿಮೆ ಮಾಡ್ತಾ, ಮೂಲದ ಜೊತೆ ಬೆರೆಸೋದು. ಎಡ ಬಲ ಕಿವಿಗೆ ಆ ಏರಿಳಿತ ಒಂದಕ್ಕೊಂದು ಎದುರು. ಅದರಿಂದ ಒಂದೇ ಆಸಿಲೇಟರ್‌ನ ಸ್ವರ ಅಗಲವಾಗಿ, ತೇಲೋ ಹಾಗೆ ಆಗುತ್ತೆ, ಶ್ರುತಿ ಎಲ್ಲೂ ಪೂರ್ತಿ ಕೂರೋದಿಲ್ಲ. ಜೊತೆಗೆ ಒಂದು ಸಣ್ಣ ಸುಯ್ ಅನ್ನೋ ಗದ್ದಲ. ನಾವು ‘80ರ ದಶಕದ ಸದ್ದು’ ಅಂತ ಎದೆ ಹಿಡ್ಕೊಳ್ಳೋದು ಬಹಳಷ್ಟು ಸಲ ಈ ಕೋರಸ್‌ಗೆ.

ರಾತ್ರಿಪಾಳಿ ಅವರು ಯಂತ್ರ ನಡುಗೋದಿಲ್ಲ ಅಂದರು. ನಾನು ಅದನ್ನ ಹೀಗೆ ತಿದ್ದುತ್ತೀನಿ: ಡ್ರಮ್ ಮಷೀನ್ ನಡುಗೋದಿಲ್ಲ, ಸಿಂಥ್ ಸ್ವಲ್ಪ ನಡುಗುತ್ತೆ, ಮನುಷ್ಯ ಜಾಸ್ತಿ ನಡುಗ್ತಾನೆ. ಈ ಮೂರು ಮೆಟ್ಟಿಲು ಇದ್ದಾಗ ಹಾಡು ಉಸಿರಾಡುತ್ತೆ. ಈಗಿನ ಎಷ್ಟೋ ರೆಟ್ರೋ ಸಿಂಥ್ ಹಾಡುಗಳು ಯಾಕೆ ಪ್ಲಾಸ್ಟಿಕ್ ಅನ್ನಿಸುತ್ತವೆ ಅಂದರೆ ನಡುವಿನ ಮೆಟ್ಟಿಲೇ ಇರೋದಿಲ್ಲ. ಎಲ್ಲ ಕಂಪ್ಯೂಟರ್‌ನ ತಾಳದ ಗ್ರಿಡ್‌ಗೆ ಅಂಟಿಕೊಂಡು, ಹಾಡಿದ ದನಿಯನ್ನೂ ತಿದ್ದಿ ನೇರ ಮಾಡಿರ್ತಾರೆ. ‘ಡಾನ್ ಎಫ್‌ಎಂ’ನಲ್ಲಿ ಡ್ರಮ್ ಗಟ್ಟಿಯಾಗಿ ನಿಂತಿರುತ್ತೆ, ಅದರ ಹಿಂದೆ ಪ್ಯಾಡ್‌ಗಳು (ಸಿಂಥ್‌ನ ಉದ್ದ ಎಳೆದ ಸ್ವರಗಳು) ಅಲೆಯ ಹಾಗೆ ಸರೀತಾ ಇರುತ್ತವೆ. ‘ಸ್ಟಾರಿ ಐಸ್’ ಹಾಡನ್ನ ಹೆಡ್‌ಫೋನ್‌ನಲ್ಲಿ ಕೇಳಿದರೆ ನಾನು ಹೇಳಿದ್ದು ಗೊತ್ತಾಗುತ್ತೆ.

ಇನ್ನೊಂದು ಸಂಗತಿ. ಆ ರೇಡಿಯೋ ಕಲ್ಪನೆ ಗಾಳಿಯಲ್ಲಿ ಉದುರಿದ್ದಲ್ಲ. ಲೊಪಾಟಿನ್‌ನ ಆ ವಿಚಿತ್ರ ಹೆಸರೇ ಬಾಸ್ಟನ್‌ನ ಮ್ಯಾಜಿಕ್ 106.7 ಅನ್ನೋ ಎಫ್‌ಎಂ ನಿಲಯದಿಂದ ಹುಟ್ಟಿದ್ದು. 2020ರಲ್ಲಿ ಅವನು ರೇಡಿಯೋದ ಒಂದು ದಿನದ ಹಾಗೆ ಕಟ್ಟಿದ ಆಲ್ಬಂ ಮಾಡಿದ, ಅದರಲ್ಲಿ ವೀಕೆಂಡ್‌ನ ಕೈಯೂ ಇತ್ತು. ಎರಡು ವರ್ಷದೊಳಗೆ ಅದೇ ಯೋಚನೆ ಪಾಪ್ ಆಗಿ ಬಂತು.

ಹೊಸಕಿವಿ

ತುಂಬಾ ಉಪಯುಕ್ತ ಚರ್ಚೆ. ಒಂದು ಪ್ರಾಥಮಿಕ ಪ್ರಶ್ನೆ ಕೇಳ್ತೀನಿ: ನ್ಯೂ ವೇವ್, ಸಿಂಥ್-ಪಾಪ್ ಎರಡೂ ಒಂದೇನಾ? ಎಲ್ಲರೂ ಅದಲು ಬದಲು ಮಾಡಿ ಹೇಳ್ತಾರೆ.

ಬೇಸ್‌ಲೈನ್

ಒಂದೇ ಅಲ್ಲ, ಹತ್ತಿರದ ನಂಟರು. ಪಂಕ್ ಆದಮೇಲೆ, 70ರ ದಶಕದ ಕೊನೆಗೆ, ಅದರ ಹುಮ್ಮಸ್ಸು ಇಟ್ಟುಕೊಂಡು ಪಾಪ್ ಕಡೆಗೆ ವಾಲಿದ ಎಲ್ಲವನ್ನೂ ನ್ಯೂ ವೇವ್ ಅಂದರು. ಅದರಲ್ಲಿ ಗಿಟಾರ್ ಬ್ಯಾಂಡ್‌ಗಳೂ ಇದ್ದವು, ಬ್ಲಾಂಡಿ, ದಿ ಕಾರ್ಸ್ ಥರದವು. ಸಿಂಥೇ ಮುಖ್ಯ ವಾದ್ಯವಾದ ಕವಲು ಸಿಂಥ್-ಪಾಪ್: ಡಿಪೆಷ್ ಮೋಡ್, ಸಾಫ್ಟ್ ಸೆಲ್, ಯಾಜೂ, ಒಎಂಡಿ. ಇವರೆಲ್ಲರಿಗೂ ಬೇರು ಜರ್ಮನಿಯ ಡುಸೆಲ್‌ಡಾರ್ಫ್‌ನ ಕ್ರಾಫ್ಟ್‌ವೆರ್ಕ್. ಆಮೇಲೆ 1981ರ ಆಗಸ್ಟ್‌ನಲ್ಲಿ ಎಂಟಿವಿ ಶುರುವಾಯ್ತು, ತೋರಿಸೋಕೆ ವಿಡಿಯೋ ಬೇಕಿತ್ತು, ಬ್ರಿಟನ್ನಿನ ಈ ಹುಡುಗರ ಹತ್ತಿರ ವಿಡಿಯೋ ಇದ್ದವು. ಅಮೆರಿಕದಲ್ಲಿ ಎರಡು ಹೆಸರೂ ಕಲಸಿಹೋಗಿದ್ದು ಆವಾಗ.

ಮಧ್ಯಂತರ

ನನ್ನ ತಕರಾರು ಬೇರೆ. ಇಲ್ಲಿ ಎಲ್ಲರೂ ನ್ಯೂ ವೇವ್ ಆಲ್ಬಂ ಅಂತ ಒಪ್ಪಿಕೊಂಡೇ ಮಾತಾಡ್ತಿದ್ದೀರಿ. ಅರ್ಧ ಆಲ್ಬಂ ಅದಲ್ಲವೇ ಅಲ್ಲ.

‘ಟೇಕ್ ಮೈ ಬ್ರೆತ್’ ಡಿಸ್ಕೋ ವಂಶದ್ದು. ಜಾರ್ಜಿಯೋ ಮೊರೊಡರ್ 1977ರಲ್ಲಿ ಡೋನಾ ಸಮ್ಮರ್‌ಗೆ ಮಾಡಿದ ‘ಐ ಫೀಲ್ ಲವ್’ನ ಓಡೋ ಬೇಸ್ ಅದರ ಅಜ್ಜ. ‘ಸ್ಯಾಕ್ರಿಫೈಸ್’ ಒಳಗೆ 80ರ ದಶಕದ ಆರಂಭದ ಅಲಿಸಿಯಾ ಮೈಯರ್ಸ್‌ನ ಸೋಲ್ ಹಾಡಿನ ಸ್ಯಾಂಪಲ್, ಅಂದರೆ ಅದರಿಂದ ಎತ್ತಿದ ತುಣುಕು. ‘ಔಟ್ ಆಫ್ ಟೈಮ್’ ನಿಂತಿರೋದು ಜಪಾನಿನ ಟೊಮೊಕೊ ಅರನ್ 1983ರಲ್ಲಿ ಹಾಡಿದ ‘ಮಿಡ್‌ನೈಟ್ ಪ್ರಿಟೆಂಡರ್ಸ್’ ಮೇಲೆ, ಅದು ಸಿಟಿ ಪಾಪ್ ಅನ್ನೋ ಜಪಾನಿನ ಪಾಪ್ ಶೈಲಿ. ನನ್ನ ಪ್ರಕಾರ ಇಡೀ ಆಲ್ಬಂನ ತೂಕದ ಹಾಡು ಅದೇ. ಪಶ್ಚಾತ್ತಾಪವನ್ನ ಇಷ್ಟು ಮೆತ್ತಗೆ, ಅಷ್ಟೇ ನೇರವಾಗಿ ಹಾಡಿದ್ದು ಇವನ ಬೇರೆ ಎಲ್ಲೂ ನಾನು ಕೇಳಿಲ್ಲ. ತನ್ನ ತಪ್ಪಿಂದ ಕಳಕೊಂಡವಳು ಈಗ ಬೇರೆಯವನ ಜೊತೆ ನೆಮ್ಮದಿಯಾಗಿದ್ದಾಳೆ, ಮಾತು ಹೊರಡೋ ಹೊತ್ತಿಗೆ ಕಾಲ ಮಿಂಚಿದೆ. ಅದಕ್ಕೆ ಮುಂಚೆ ಬರೋ ಕ್ವಿನ್ಸಿ ಜೋನ್ಸ್ ಮಾತು ಕೇಳಿ. ಬಾಲ್ಯದಲ್ಲೇ ತಾಯಿಯ ಮಾನಸಿಕ ಕಾಯಿಲೆ, ತಾಯಿಯಿಲ್ಲದೆ ಬೆಳೆದದ್ದು, ಅದು ಮುಂದೆ ಗಂಡನಾಗಿ ಅಪ್ಪನಾಗಿ ತನ್ನನ್ನ ಹೇಗೆ ಕೆಡಿಸಿತು ಅಂತ ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಮಾಡಿದ ಆ ಹಿರಿಯ ಸ್ವತಃ ಹೇಳ್ತಾನೆ. ಆ ಮಾತಿನ ಬೆನ್ನಿಗೇ ‘ಔಟ್ ಆಫ್ ಟೈಮ್’ ಬಂದಾಗ ಹಾಡಿನ ಭಾರ ದುಪ್ಪಟ್ಟಾಗುತ್ತೆ. ಇಂಥ ಜೋಡಣೆಗೆ ನಾನು ಕೈ ಮುಗೀತೀನಿ.

ಆದರೆ ಆಮೇಲೆ? ‘ಹಿಯರ್ ವಿ ಗೋ… ಅಗೇನ್’ನಿಂದ ‘ಈಸ್ ದೇರ್ ಸಮ್‌ವನ್ ಎಲ್ಸ್?’ವರೆಗೆ ಆಲ್ಬಂ ಸೊರಗುತ್ತೆ. ಅವು ಇವನ ಎಂದಿನ ಆರ್ ಅಂಡ್ ಬಿ ಹಾಡುಗಳು, ಯಾವ ಆಲ್ಬಂಗೆ ಹಾಕಿದ್ದರೂ ನಡೀತಿತ್ತು. ಕೊನೆಯ ಹತ್ತಿರ ರ‍್ಯಾಪರ್ ಲಿಲ್ ವೇಯ್ನ್ ಬರೋ ಹಾಡಂತೂ ಸುರಂಗದಿಂದ ನಮ್ಮನ್ನ ಹೊರಗೇ ಎಳೆದುಬಿಡುತ್ತೆ. ಸತ್ತವನ ರೇಡಿಯೋ ಅನ್ನೋ ಕಟ್ಟು ಅಲ್ಲಿ ಕೈ ತಪ್ಪಿದೆ.

ರಾತ್ರಿಪಾಳಿ

ಮಧ್ಯಂತರ ಅವರೇ, ಲಿಲ್ ವೇಯ್ನ್ ಹಾಡಿನ ವಿಷಯ ನಿಮ್ಮ ಪಾಲಿಗೆ. ನಾನು ವಾದಿಸೋದಿಲ್ಲ. ಆದರೆ ‘ಈಸ್ ದೇರ್ ಸಮ್‌ವನ್ ಎಲ್ಸ್?’ ಬಿಟ್ಟುಕೊಡಲಾರೆ. ಮೋಸ ಮಾಡಿದವನು ತಾನೇ ಮೋಸ ಹೋದೆನಾ ಅಂತ ಅನುಮಾನದಲ್ಲಿ ಬೇಯೋ ಹಾಡು ಅದು, ‘ಔಟ್ ಆಫ್ ಟೈಮ್’ನ ಇನ್ನೊಂದು ಮಗ್ಗುಲು.

ಡಿಸ್ಕೋ, ಸಿಟಿ ಪಾಪ್ ಬಗ್ಗೆ ನೀವು ಹೇಳಿದ್ದು ನಿಜ, ಅದು ನನ್ನ ಮಾತನ್ನ ಬಲಪಡಿಸುತ್ತೆ. ರೇಡಿಯೋ ನಿಲಯ ಒಂದೇ ಪಂಗಡದ ಹಾಡು ಹಾಕ್ತಿರಲಿಲ್ಲ. 1983ರ ಸುಮಾರಿಗೆ ಸಿಂಥ್ ಅನ್ನೋದು ಲಂಡನ್, ಮ್ಯೂನಿಕ್, ಟೋಕಿಯೋ, ನ್ಯೂಯಾರ್ಕ್ ಎಲ್ಲ ಕಡೆ ಒಂದೇ ಸಮಯಕ್ಕೆ ಹಬ್ಬಿತ್ತು. ಯಮಾಹ ಡಿಎಕ್ಸ್7 ಸಿಂಥ್ ಬಂದಿದ್ದೂ, ಬೇರೆ ಬೇರೆ ಕಂಪನಿಯ ಯಂತ್ರಗಳು ಪರಸ್ಪರ ಮಾತಾಡೋ ಹಾಗೆ ಮಿಡಿ ಬಂದಿದ್ದೂ ಅದೇ ವರ್ಷ. ಈ ಆಲ್ಬಂ ಆ ಒಂದು ಗಳಿಗೆಯ ಡಯಲ್ ತಿರುಗಿಸುತ್ತೆ.

ಬೇಸ್‌ಲೈನ್ ಅವರ ಆಕ್ಷೇಪಕ್ಕೆ ಬರ್ತೀನಿ, ಅದು ಗಟ್ಟಿಯಾದದ್ದು. ತಾನು ಬದುಕದ ಕಾಲದ ನೆನಪು ಅಂದಿರಿ. ಆದರೆ ಇವನ ಹಾದಿ ನೋಡಿ. 2011ರಲ್ಲಿ, ಯಾರಿಗೂ ಮುಖ ತೋರಿಸದೆ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಬಿಟ್ಟ ಮೊದಲ ಮಿಕ್ಸ್‌ಟೇಪ್ ‘ಹೌಸ್ ಆಫ್ ಬಲೂನ್ಸ್’. ಅದರ ಶೀರ್ಷಿಕೆ ಹಾಡು ನಿಂತಿರೋದೇ ಸೂಸಿ ಅಂಡ್ ದಿ ಬ್ಯಾನ್‌ಶೀಸ್‌ನ 1980ರ ‘ಹ್ಯಾಪಿ ಹೌಸ್’ ಮೇಲೆ. ಅದೇ ಮಿಕ್ಸ್‌ಟೇಪ್‌ನ ಕೊನೆಯ ಹಾಡಲ್ಲಿ 80ರ ದಶಕದ ಬ್ಯಾಂಡ್ ಕಾಕ್ಟೋ ಟ್ವಿನ್ಸ್‌ನ ಸ್ಯಾಂಪಲ್. 2016ರ ‘ಸ್ಟಾರ್‌ಬಾಯ್’ನಲ್ಲಿ ‘ಸೀಕ್ರೆಟ್ಸ್’ ಹಾಡೊಳಗೆ ಟಿಯರ್ಸ್ ಫಾರ್ ಫಿಯರ್ಸ್‌ನ ‘ಪೇಲ್ ಶೆಲ್ಟರ್’. ಆಮೇಲೆ ‘ಬ್ಲೈಂಡಿಂಗ್ ಲೈಟ್ಸ್’. ಹತ್ತು ವರ್ಷಕ್ಕೂ ಮೇಲೆ ಒಬ್ಬ ಕಲಾವಿದ ಒಂದೇ ಬಾವಿಯಿಂದ ನೀರು ಸೇದ್ತಿದ್ದಾನೆ ಅಂದರೆ ಅದನ್ನ ಫ್ಯಾಶನ್ ಅನ್ನೋಕಾಗಲ್ಲ.

ಮತ್ತೆ ಆ ಭವಿಷ್ಯದ ಮಾತು. ಆ ಕಾಲದ ಹಾಡುಗಳು ಮುಂದೆ ನೋಡಿದವು, ನಿಜ. ಮುಂದೆ ನೋಡಿ ಕಂಡದ್ದು ಏನು? ಅಣುಬಾಂಬ್, ಒಂಟಿತನ, ಯಂತ್ರದಂಥ ಗೆಳೆಯರು. ಒಎಂಡಿ 1980ರಲ್ಲಿ ಹಿರೋಷಿಮಾ ಮೇಲೆ ಬಾಂಬ್ ಹಾಕಿದ ವಿಮಾನದ ಬಗ್ಗೆ ಕುಣಿಯೋ ಹಾಡು ಮಾಡಿತು. ಮುಂದೆ ಕಾದಿರೋದನ್ನ ನೆನೆದು ಹೆದರಿದವನ ಕುಣಿತ ಅದು. ಕೋವಿಡ್ ನಡುವೆ ತಯಾರಾದ ಆಲ್ಬಂಗೆ ಆ ಕುಣಿತ ಪರಕೀಯ ಅಂತ ಹೇಗೆ ಹೇಳ್ತೀರಿ?

ಬೇಸ್‌ಲೈನ್

‘ಹೌಸ್ ಆಫ್ ಬಲೂನ್ಸ್’ ನೆನಪಿಸಿದ್ದು ಒಳ್ಳೇದಾಯ್ತು, ಯಾಕಂದರೆ ನನ್ನ ಮಾತಿಗೆ ಅದೇ ಉದಾಹರಣೆ. ಅಲ್ಲಿ ‘ಹ್ಯಾಪಿ ಹೌಸ್’ನ ಗಿಟಾರ್ ತಂದು, ಅದಕ್ಕೆ ಸಂಬಂಧವೇ ಇಲ್ಲದ ಮಂದವಾದ ಆರ್ ಅಂಡ್ ಬಿ ಒಳಗೆ ಮುಳುಗಿಸಿದ. ಹಾಡಿನ ಅರ್ಧಕ್ಕೆ ಎಲ್ಲ ಕುಸಿದು ಬೇರೇನೇ ಹಾಡಾಗುತ್ತೆ. ಹಳೇ ವಸ್ತುವಿನಿಂದ ಯಾರೂ ಕೇಳದ ಹೊಸದೊಂದು ಹುಟ್ಟಿತು. ಅದು ನ್ಯೂ ವೇವ್ ಮನೋಧರ್ಮ. ‘ಡಾನ್ ಎಫ್‌ಎಂ’ನಲ್ಲಿ ಆ ಘರ್ಷಣೆ ಇಲ್ಲ, ಎಲ್ಲ ನುಣುಪು. ಆಲ್ಬಂ ಕೆಟ್ಟದ್ದು ಅಂತ ನಾನು ಒಂದು ಸಲವೂ ಹೇಳಿಲ್ಲ. ‘ಲೆಸ್ ದ್ಯಾನ್ ಝೀರೋ’ ಬಂದರೆ ಈಗಲೂ ಕೆಲಸ ಬಿಟ್ಟು ಕೇಳ್ತೀನಿ. ಆದರೆ ಧೈರ್ಯದ ಲೆಕ್ಕದಲ್ಲಿ 2011ರ ಹುಡುಗ 2022ರ ತಾರೆಗಿಂತ ಮೇಲೆ.

ಪ್ಯಾಚ್‌ಕೇಬಲ್

ನುಣುಪು ಅನ್ನೋದನ್ನ ಒಪ್ತೀನಿ, ಆದರೆ ‘ಲೆಸ್ ದ್ಯಾನ್ ಝೀರೋ’ ಇಷ್ಟ ಅಂತ ಹೇಳಿ ಸಿಕ್ಕಿಬಿದ್ದಿರಿ. ಆಲ್ಬಂನಲ್ಲೇ ಅತ್ಯಂತ ನುಣುಪಾದ ಹಾಡು ಅದು! ರಾಗ ಬೆಳಗ್ಗೆ ಎದ್ದು ಗುನುಗೋ ಅಷ್ಟು ಉಲ್ಲಾಸದ್ದು, ಮಾತು ನೋಡಿದರೆ ನಿನ್ನ ಕಣ್ಣಲ್ಲಿ ನಾನು ಸೊನ್ನೆಗಿಂತ ಕಮ್ಮಿ ಅನ್ನೋದು. ಅಲ್ಲಿ ಘರ್ಷಣೆ ಸದ್ದಿನ ಒಳಗೆ ಇಲ್ಲ, ರಾಗಕ್ಕೂ ಮಾತಿಗೂ ನಡುವೆ ಇದೆ. ಹ್ಯೂಮನ್ ಲೀಗ್‌ನ ‘ಡೋಂಟ್ ಯು ವಾಂಟ್ ಮಿ’ ಕೂಡ ಹಾಗೇ ಅಲ್ಲವಾ? ಎಲ್ಲರೂ ಕುಣಿದರು, ಹಾಡಿನೊಳಗೆ ನೋಡಿದರೆ ಬಿಟ್ಟುಹೋಗೋ ಹುಡುಗಿಯನ್ನ ಬೆದರಿಸ್ತಿರೋ ಗಂಡಸು.

ಹೊಸಕಿವಿ

ಹಾಗಾದರೆ ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ‘ಡಾನ್ ಎಫ್‌ಎಂ’ ಮೊದಲೋ, ಹಳೇದು ಮೊದಲೋ?

ಮಧ್ಯಂತರ

‘ಡಾನ್ ಎಫ್‌ಎಂ’ನಿಂದಲೇ, ಆದರೆ ಶಫಲ್ ಆಫ್ ಮಾಡಿ, ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ತೆರಪಿಲ್ಲದ ಹಾಗೆ) ಆನ್ ಮಾಡಿ. ‘ಟೇಕ್ ಮೈ ಬ್ರೆತ್’ ಸಿಂಗಲ್ ಬೇಡ, ಆಲ್ಬಂನೊಳಗಿನ ಐದೂವರೆ ನಿಮಿಷ ದಾಟೋ ಆವೃತ್ತಿಯನ್ನೇ ಕೇಳಿ. ‘ಔಟ್ ಆಫ್ ಟೈಮ್’ ಮುಗಿಯೋ ಹೊತ್ತಿಗೆ ಜಿಮ್ ಕ್ಯಾರಿ ಡಯಲ್ ಮುಟ್ಟಬೇಡಿ ಅಂತಾನೆ, ಅವನ ಮಾತು ಕೇಳಿ. ಕೊನೆಯ ‘ಫ್ಯಾಂಟಮ್ ರಿಗ್ರೆಟ್ ಬೈ ಜಿಮ್’ ಬರೀ ಮಾತು ಅಂತ ದಾಟಿಸಬೇಡಿ. ಇಡೀ ಆಲ್ಬಂ ಹಿಡಿದುಕೊಂಡಿದ್ದ ಪಶ್ಚಾತ್ತಾಪವನ್ನ ಕೈಬಿಡು ಅಂತ ನಿರೂಪಕ ಹೇಳೋ ಪದ್ಯ ಅದು.

ಬೇಸ್‌ಲೈನ್

ಅದಾದಮೇಲೆ ಈ ಕ್ರಮದಲ್ಲಿ ಹೋಗಿ: ಟ್ಯೂಬ್‌ವೇ ಆರ್ಮಿಯ ‘ರೆಪ್ಲಿಕಾಸ್’ 1979, ಸೂಸಿಯ ‘ಕೆಲೈಡೋಸ್ಕೋಪ್’ 1980, ‘ಡೇರ್’ 1981, ಯಾಜೂವಿನ ‘ಅಪ್‌ಸ್ಟೇರ್ಸ್ ಅಟ್ ಎರಿಕ್ಸ್’ 1982. ಯಾಜೂ ಬಿಡಲೇಬೇಡಿ. ವಿನ್ಸ್ ಕ್ಲಾರ್ಕ್‌ನ ತಣ್ಣಗಿನ ಸಿಂಥ್ ಮೇಲೆ ಆಲಿಸನ್ ಮೊಯೆಟ್‌ಳ ಬ್ಲೂಸ್ ತುಂಬಿದ ದನಿ. ರಾತ್ರಿಪಾಳಿ ಅವರು ಮೊದಲಲ್ಲಿ ಹೇಳಿದ್ದಕ್ಕೆ ‘ಡಾನ್ ಎಫ್‌ಎಂ’ಗಿಂತ ಒಳ್ಳೇ ಸಾಕ್ಷಿ ಅಲ್ಲಿದೆ.

ರಾತ್ರಿಪಾಳಿ

ಯಾಜೂ ವಿಷಯದಲ್ಲಿ ನಿಮ್ಮ ಜೊತೆ ಪೂರ್ತಿ ಇದ್ದೀನಿ ಸರ್. ಹೊಸಕಿವಿ ಅವರೇ, ಆ ಪಟ್ಟಿಯ ಕೊನೆಗೆ ಟೊಮೊಕೊ ಅರನ್‌ಳ 1983ರ ಆ ಹಾಡನ್ನೂ ಸೇರಿಸಿಕೊಳ್ಳಿ, ಕೇಳಿದ ತಕ್ಷಣ ‘ಔಟ್ ಆಫ್ ಟೈಮ್’ ಹಾಕಿ. ಏಬಲ್ ಏನು ತಗೊಂಡ, ಏನು ಬಿಟ್ಟ, ಎಲ್ಲಿ ತನ್ನದನ್ನ ಸೇರಿಸಿದ ಅಂತ ಬೆನ್ನುಬೆನ್ನಿಗೆ ಕೇಳಿದಾಗ ನಿಮಗೇ ಗೊತ್ತಾಗುತ್ತೆ. ನಕಲೋ ಅಲ್ಲವೋ ಅನ್ನೋ ತೀರ್ಮಾನ ಆಮೇಲೆ ಬರೀರಿ, ಬೇಸ್‌ಲೈನ್ ಅವರ ಕಡೆ ವೋಟ್ ಹಾಕಿದರೂ ಓದೋಕೆ ಕಾಯ್ತಿರ್ತೀನಿ.